ಹದಿನಾಲ್ಕನೆಯ ಪ್ರಶ್ನೆ

"ಇದನ್ನ ನೋಡಿ. ಇದನ್ನ ಕೋಲು ಅಂತ ಹೇಗ್ರೀ ಕರೆಯೋದು? ಮೊಳಕೆ ಇದು, ಮೊಳಕೆ!"

ಸರ್ವೆ ಆಫೀಸಿನ ಮೇಡಂ ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆಯ ಮೇಲೆ ಪೆನ್ನಿನ ತುದಿಯಿಂದ ತಟ್ಟಿದಾಗ ಕೋಣೆಯಲ್ಲಿದ್ದ ಹತ್ತು ಹನ್ನೆರಡು ಜನವೂ ನಕ್ಕರು. ಹಾಳೆಯ ಮೇಲೆ ಆರು ಬಣ್ಣದ ಆರು ಕೋಲುಗಳು ನಿಂತಿದ್ದವು. ಬೇರೆ ಬೇರೆ ಕಡೆಯಿಂದ ಬಂದು ಊರಿನ ಬಾಡಿಗೆ ಕಟ್ಟಡಗಳಲ್ಲಿ ನೆಲೆಸಿದ ಆರು ಜನಾಂಗದವರಿಗೆ ಒಂದೊಂದು ಕೋಲು. ತಿಂಗಳ ಮೂವತ್ತು ರಾತ್ರಿಗಳಲ್ಲಿ ಹಣದ ಯೋಚನೆಯಿಂದ ನಿದ್ದೆಗೆಟ್ಟ ರಾತ್ರಿಗಳು ಎಷ್ಟೋ, ಕೋಲು ಅಷ್ಟು ಎತ್ತರ. ಕೆಂಪು ಕೋಲು ಹದಿನಾರು ಮುಟ್ಟಿತ್ತು, ನೀಲಿಯದು ಹದಿಮೂರು. ಕೊನೆಯ ಹಳದಿ ಮಾತ್ರ ಏಳಲೋ ಬೇಡವೋ ಎಂದು ನೆಲಕ್ಕೆ ಅಂಟಿ ಕೂತಿತ್ತು. ಆ ಹಳದಿ ಜನರ ಮನೆಮನೆಗೆ ಹೋಗಿ ಫಾರಂ ತುಂಬಿದವಳು ಹಿಂದಿನ ಸಾಲಿನ ಕುರ್ಚಿಯಲ್ಲಿ, ಉಕ್ಕಿ ಬರುತ್ತಿದ್ದ ಆಕಳಿಕೆಯನ್ನು ಹಲ್ಲು ಕಚ್ಚಿ ತಡೆದುಕೊಂಡು ಕೂತಿದ್ದಳು.

"ನಿಮ್ಮವರು ದಿಂಬಿಗೆ ತಲೆ ಕೊಟ್ರೆ ಸಾಕು, ಗೊರಕೇನಾ?" ಮುಂದಿನ ಸಾಲಿನವನೊಬ್ಬ ಹಿಂದಕ್ಕೆ ತಿರುಗಿ ಕೇಳಿದ. "ಆ ಗುಟ್ಟು ನಮಗೂ ಸ್ವಲ್ಪ ಹೇಳ್ಕೊಡ್ರೀ."

ಅವಳೂ ನಕ್ಕಳು. ನಗದೆ ಇನ್ನೇನು ಮಾಡಿಯಾಳು? ಕಿವಿಯ ತುದಿ ಕಾದು ಕೆಂಪಾಗಿದ್ದು ಅವಳಿಗೇ ಗೊತ್ತಾಗುತ್ತಿತ್ತು. ಕೂದಲನ್ನು ಮುಂದಕ್ಕೆ ಎಳೆದುಕೊಂಡು ಮುಚ್ಚಿದಳು.

"ತಮಾಷೆ ಸಾಕು," ಎಂದರು ಮೇಡಂ. "ವಾರಕ್ಕೆರಡು ಸಂಜೆ ಒಬ್ಬ ಡಾಕ್ಟರು ಕಟ್ಟಡಕ್ಕೇ ಬಂದು ಕೂರ್ತಾರೆ. ಮನೆ ಮಾಲೀಕರ ಹತ್ರ ಮಾತಾಡಿ ಬಾಡಿಗೆಗೆ ಸ್ವಲ್ಪ ಟೈಮ್ ಕೊಡಿಸೋಕೆ ಇನ್ನೊಬ್ಬರು. ನಮ್ಮ ಕೈಲಾಗೋದು ಮೂರೇ ಕಟ್ಟಡಕ್ಕೆ. ಎತ್ತರದ ಮೂರು ಕೋಲಿಗೆ ಹೋಗುತ್ತೆ. ಶುಕ್ರವಾರ ಪಟ್ಟಿ ಮುಚ್ತೀವಿ. ಹಳದಿಯವರು ಹಾಯಾಗಿ ಮಲಗ್ಲಿ, ಅವರ ತಂಟೆಗೆ ನಾವು ಹೋಗೋದು ಬೇಡ."

ಮತ್ತೊಂದು ಸಲ ನಗು. ಈ ಸಲ ಅವಳಿಂದ ನಗಲಾಗಲಿಲ್ಲ.

ಆಫೀಸಿನವರ ಲೆಕ್ಕಾಚಾರ ಸರಳವಾಗಿತ್ತು. ನಮ್ಮವರ ಮುಂದೆ ನಮ್ಮವರು ಮನಸ್ಸು ಬಿಚ್ಚುತ್ತಾರೆ, ಆದ್ದರಿಂದ ಯಾವ ಭಾಷೆಯವರ ಮನೆಗೆ ಆ ಭಾಷೆಯವರೇ ಹೋಗಬೇಕು. ಹಾಗಾಗಿ ಅವಳಿಗೆ ಸಿಕ್ಕಿದ್ದು ಅವಳದೇ ಕಟ್ಟಡ. ಎಂಟು ವರ್ಷದಿಂದ ಅದೇ ಮೆಟ್ಟಿಲು ಹತ್ತಿ ಇಳಿದವಳಿಗೆ ಒಂದೇ ವಾರದಲ್ಲಿ 'ಫಾರಮಕ್ಕ' ಎಂದು ಹೆಸರು ಬಿತ್ತು. ಮಕ್ಕಳು ಕೂಡ ಜೋರಾಗಿ ಹಾಗೇ ಕರೆದರು. ಅವಳಿಗೆ ಒಳಗೊಳಗೇ ಹೆಮ್ಮೆಯೇ ಆಗಿತ್ತು.

ಮೊದಲು ಹೋದದ್ದು ಮೂರನೇ ಮಹಡಿಯ ಟೈಲರ್ ಮಾವನ ಮನೆಗೆ. ಸ್ವಂತ ಮಾವನೇನಲ್ಲ, ಅವಳ ಮದುವೆಯ ಬಟ್ಟೆ ಹೊಲಿದುಕೊಟ್ಟು, ಕೂಲಿ ಕೊಡಹೋದರೆ ಗದರಿಸಿ ಕಳಿಸಿದ ಮನುಷ್ಯ. ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ ಇದ್ದ ಜಾಗ ಖಾಲಿಯಾಗಿತ್ತು. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು. ಅವಳು ಕೇಳದಿದ್ದರೂ ಮಾವ, "ರಿಪೇರಿಗೆ ಹೋಗಿದೆಯಮ್ಮ," ಎಂದರು. ಚಹಾದಲ್ಲಿ ಹಾಲಿರಲಿಲ್ಲ. ಅದಕ್ಕೂ ಅವರೇ, "ಡಾಕ್ಟರು ಹಾಲು ಬೇಡ ಅಂದಿದ್ದಾರೆ," ಎಂದರು.

ಹದಿಮೂರು ಪ್ರಶ್ನೆ ಸಲೀಸಾಗಿ ಹೋಯಿತು. ಎಷ್ಟು ಗಂಟೆಗೆ ಮಲಗುತ್ತೀರಿ, ಎಷ್ಟು ಗಂಟೆಗೆ ಏಳುತ್ತೀರಿ, ಹಗಲು ತೂಕಡಿಕೆ ಬರುತ್ತದೆಯೇ. ಹದಿನಾಲ್ಕನೆಯದು ಅವಳ ಕಣ್ಣೆದುರೇ ಅಚ್ಚಾಗಿ ಕೂತಿತ್ತು: ಕಳೆದ ಮೂವತ್ತು ರಾತ್ರಿಗಳಲ್ಲಿ, ಹಣದ ಯೋಚನೆಯಿಂದ ನಿದ್ದೆ ಬಾರದ ರಾತ್ರಿಗಳು ಎಷ್ಟು? ಕೂಲಿ ಬೇಡವೆಂದ ಮನುಷ್ಯನ ಎದುರು ಕೂತು, ನಿಮ್ಮ ಕೈ ಎಷ್ಟು ಬರಿದಾಗಿದೆ ಎಂದು ಕೇಳುವುದು ಹೇಗೆ?

"ಮುಂದೇನಮ್ಮ?"

"ಏನಿಲ್ಲ ಮಾವ, ಹೀಗೇ. ನಿದ್ದೆಗಿದ್ದೆ ಚೆನ್ನಾಗಿ ಬರುತ್ತಲ್ಲ?"

"ಓಹೋ, ಭರ್ಜರಿ! ನಮಗೇನಮ್ಮ ಕಡಿಮೆ?"

ಅವಳು ಸೊನ್ನೆ ಬರೆದಳು. ಬರೆದದ್ದೇ ಇಬ್ಬರ ಮುಖವೂ ಅರಳಿತು, ಪರೀಕ್ಷೆಯಲ್ಲಿ ಇಬ್ಬರೂ ಪಾಸಾದ ಹಾಗೆ. ಅಲ್ಲಿಂದ ಮುಂದೆ ಕೇಳುವ ಗೋಜಿಗೇ ಹೋಗಲಿಲ್ಲ. ಗಂಟೆ ಒತ್ತುವ ಮೊದಲೇ, ಮೆಟ್ಟಿಲ ಮೇಲೆ ನಿಂತು, ಹದಿನಾಲ್ಕರ ಮುಂದೆ ಸೊನ್ನೆ ಹಾಕಿಕೊಂಡುಬಿಡುತ್ತಿದ್ದಳು. ಎಲ್ಲವೂ ಸೊನ್ನೆಯಾದರೆ ಅನುಮಾನ ಬರುತ್ತದೆಂದು ಅಲ್ಲೊಂದು ಎರಡು, ಇಲ್ಲೊಂದು ಮೂರು. ಹೀಗೆ ಮೂವತ್ತೊಂದು ಫಾರಂ ಆಯಿತು. ಅದರಲ್ಲಿ ಗಂಡನದೂ ತನ್ನದೂ ಸೇರಿ ಎರಡನ್ನು ಬಸ್ಸಿನಲ್ಲಿ, ನಿಂತುಕೊಂಡೇ ತುಂಬಿದ್ದಳು. ಬಸ್ಸು ಕುಲುಕಿ ಅವಳ ಸೊನ್ನೆ ಸೊಟ್ಟಗಾಗಿತ್ತು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಮೆಕ್ಯಾನಿಕ್ ಬಾಡಿಗೆಗಿದ್ದಾನೆ ಎಂದು ಮೊದಲೆಲ್ಲ ಅವನೇ ಹೇಳಿಕೊಂಡು ನಗುತ್ತಿದ್ದ. ಕಂಪನಿಯವರು ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದ ಮೇಲೆ ಆ ಜೋಕು ನಿಂತಿತ್ತು. ಎರಡು ತಿಂಗಳ ಬಾಡಿಗೆ ಬಾಕಿ. ಅದು ಇಬ್ಬರಿಗೂ ಗೊತ್ತು, ಇಬ್ಬರೂ ಅದರ ಮಾತೆತ್ತುವುದಿಲ್ಲ. ದೀಪ ಆರಿಸಿದ ಐದು ನಿಮಿಷಕ್ಕೆ ಅವನು ಗೊರಕೆ ಶುರುಮಾಡುತ್ತಾನೆ. ಯಾರಿಗೆ ಮೋಸ? ಅವನ ನಿಜವಾದ ಗೊರಕೆಯ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ ಇರುತ್ತಿತ್ತು, ಇದರಲ್ಲಿ ಅದಿಲ್ಲ. ಅವಳು ಅದನ್ನು ಕೇಳುತ್ತಾ, ಎಂಥ ಮನುಷ್ಯನಪ್ಪಾ, ನನ್ನ ಮಾತಿನಿಂದ ತಪ್ಪಿಸಿಕೊಳ್ಳೋಕೆ ಗೊರಕೆ ಬೇರೆ ಹೊಡೀತಾನೆ ಎಂದು ಸಿಡುಕುತ್ತಾ, ತಾನೂ ಗೋಡೆ ಕಡೆ ತಿರುಗಿ ಮಲಗಿದವಳ ಹಾಗೆ ನಿಧಾನವಾಗಿ ಉಸಿರಾಡುತ್ತಾಳೆ. ಬೆಳಗಿನವರೆಗೆ ಇದೇ ನಾಟಕ.

ಸಭೆ ಮುಗಿಸಿ ಬಂದ ಸಂಜೆ ಅವಳಿಗೆ ಮೂರನೇ ಮಹಡಿಯಲ್ಲಿ ಟೈಲರ್ ಮಾವ ಎದುರಾದರು. ತೋರುಬೆರಳಿಗೆ ದಪ್ಪ ಬಟ್ಟೆಯ ಕಟ್ಟು.

"ಅಯ್ಯೋ, ಏನಾಯ್ತು ಮಾವ?"

"ಏನಿಲ್ಲಮ್ಮ. ಕರೆಂಟು ಹೋಗಿ ಬಂತು ನೋಡು, ಸೂಜಿ ಸೀದಾ ಉಗುರೊಳಗೆ."

"ಕರೆಂಟು ಹೋಗ್ಲೂ ಇಲ್ಲ, ಬರ್ಲೂ ಇಲ್ಲ," ಬಾಗಿಲ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು. "ಕೂತಲ್ಲೇ ತೂಕಡಿಸಿದ್ರು. ಕಾಲು ಪೆಡಲಿನ ಮೇಲೇ ಇತ್ತು. ರಾತ್ರಿಯೆಲ್ಲ ಮನೆ ಉದ್ದಕ್ಕೂ ಓಡಾಡಿದ್ರೆ ಹಗಲು ಇನ್ನೇನಾಗುತ್ತೆ!"

"ಏಯ್, ಸುಮ್ನಿರೇ! ಯಾರ ಮುಂದೆ ಏನು ಹೇಳ್ಬೇಕು ಅನ್ನೋದು ಬೇಡ್ವಾ ನಿನಗೆ?" ಮಾವ ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಅವಳ ಕಡೆ ತಿರುಗಿ ನಕ್ಕರು. "ಅವಳ ಮಾತು ಕಟ್ಕೋಬೇಡಮ್ಮ. ಹದಿನೈದು ದಿನಕ್ಕೆ ಸರಿ ಹೋಗುತ್ತೆ. ಮತ್ತೆ ಹೊಲೀತೀನಿ."

ಹದಿನೈದು ದಿನ ಮಿಷನ್ ತುಳಿಯದಿದ್ದರೆ ಆ ಮನೆಯಲ್ಲಿ ಫ್ರಿಜ್ಜಿನ ಹಿಂದೆ ಇನ್ನೇನು ಹೋಗುತ್ತದೆ ಎಂದು ಅವಳಿಗೆ ಹೊಳೆಯದೆ ಇರಲಿಲ್ಲ. ಮಿಷನ್ನೇ ಹೋಗುತ್ತದೆ. ಸೊನ್ನೆ ಬರೆದ ಕೈ ತನ್ನದು.

'ಯಾರ ಮುಂದೆ' ಎಂಬ ಮಾತು ಮಾತ್ರ ತಲೆಯಲ್ಲೇ ನಿಂತಿತು. ಹಿಂದಿನ ತಿಂಗಳು ಆಫೀಸಿನ 'ಏಣಿ'ಗೆ ಜ್ವರ ಬಂದಿತ್ತು. ಬೇರೆ ಜನಾಂಗದ ಹುಡುಗ, ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬಂದವನಲ್ಲ, ಅದಕ್ಕೇ ಆ ಹೆಸರು. ಅವನ ಬದಲಿಗೆ ಅವಳು ಕೆಂಪು ಕೋಲಿನ ಒಂದು ಮನೆಗೆ ಹೋಗಿದ್ದಳು. ಆಫೀಸುಗಳ ನೆಲ ಒರೆಸುವ ಮುದುಕಿ. ಆಶ್ಚರ್ಯವೆಂದರೆ ಅಲ್ಲಿ ಹದಿನಾಲ್ಕನೆಯ ಪ್ರಶ್ನೆ, ಆಫೀಸಿನ ಭಾಷೆಯಲ್ಲಿ, ಅವಳ ಬಾಯಿಂದ ನೀರು ಹರಿದ ಹಾಗೆ ಬಂತು. ಮುದುಕಿಯೂ ಅಷ್ಟೇ, ಅರ್ಧ ಗಂಟೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡಳು. "ಇದನ್ನ ಆ ಹುಡುಗನಿಗೆ ಹೇಳಿದ್ರಾ?" ಎಂದರೆ, "ಅವನಿಗಾ! ಅವನಮ್ಮ ನನ್ನ ಗೆಳತಿ. ನೀನು ಯಾರೋ ಏನೋ, ಎದ್ದು ಹೋದ್ರೆ ಮುಗೀತು," ಎಂದಿದ್ದಳು. ಅವಳು ಅದನ್ನು ಆವತ್ತು ಅಲ್ಲಿಗೇ ಮರೆತಿದ್ದಳು.

ಮರುದಿನ ಬೆಳಿಗ್ಗೆ ಅವಳು ಮೇಡಂ ಕೋಣೆಯ ಬಾಗಿಲು ತಟ್ಟಿದಳು. ಮನೆಯಿಂದ ಬಸ್ ಸ್ಟಾಪಿನವರೆಗೂ, ಬಸ್ಸಿನಲ್ಲೂ ಬಾಯಿಪಾಠ ಮಾಡಿಕೊಂಡ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು.

"ಮೇಡಂ, ಹಳದಿ ಕೋಲು ಸುಳ್ಳು. ಮೂವತ್ತೊಂದು ಫಾರಂನಲ್ಲೂ ಹದಿನಾಲ್ಕನೇದು ನಾನು ಯಾರನ್ನೂ ಕೇಳ್ಲಿಲ್ಲ. ನಾನೇ ಬರ್ಕೊಂಡೆ."

ಮೇಡಂ ತಲೆಯೆತ್ತಿದರು. "ಮರೆತ್ರಾ?"

ಪುಣ್ಯಾತ್ಗಿತ್ತಿ ದಾರಿ ತೋರಿಸಿಕೊಟ್ಟಿದ್ದರು. ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮರೆವು ಯಾರಿಗಿಲ್ಲ?

"ಇಲ್ಲ ಮೇಡಂ. ನಾಚಿಕೆ ಆಯ್ತು."

"ಯಾರಿಗೆ? ಅವರಿಗಾ, ನಿಮಗಾ?"

ಅವಳು ಮೇಜಿನ ಗಾಜಿನ ಕೆಳಗಿಟ್ಟಿದ್ದ ಒಂದು ಕ್ಯಾಲೆಂಡರನ್ನೇ ನೋಡುತ್ತಾ ನಿಂತಳು.

"ನಿಮ್ಮನೇದು?"

"ಅದನ್ನ ಬಸ್ಸಲ್ಲಿ ಬರೆದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕೂಗಾಡಲಿಲ್ಲ. ಇವತ್ತಿಗೇ ಕೆಲಸ ಬಿಡಬೇಕು, ಆ ಮೂವತ್ತೊಂದಕ್ಕೆ ಸಂಬಳವಿಲ್ಲ ಎಂದು ಊಟಕ್ಕೆ ಹೋಗುವ ಹೊತ್ತು ಹೇಳುವಷ್ಟು ತಣ್ಣಗೆ ಹೇಳಿದರು. ಅವಳ ಕೊರಳಲ್ಲಿದ್ದ ಗುರುತಿನ ಚೀಟಿಗೆ ಕೈ ಚಾಚಿದರು. ಅವಳು ತೆಗೆದು ಕೊಟ್ಟಳು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು, ಆದರೆ ಅದು ಎರಡನೇ ಮಹಡಿ.

"ನಿಮ್ಮವರ ಮುಂದೆ ನಾಚಿಕೆ ಅಂದ್ರೆ, ಗುರುವಾರ ಆ ಏಣಿ ಹೋಗಿ ಮತ್ತೆ ಕೇಳ್ತಾನೆ," ಎಂದರು ಮೇಡಂ. "ನಿಮ್ಮ ಭಾಷೆ ಅವನಿಗೆ ಬರಲ್ಲ. ಆ ಒಂದು ಪ್ರಶ್ನೆ, ಒಂದರಿಂದ ಮೂವತ್ತು ಅಂಕಿ ಕಲಿಸಿ. ಅಷ್ಟಾದ್ರೂ ಬಾಯಲ್ಲಿ ಬರುತ್ತೇನು?"

ಕುಡಿಯುವ ನೀರಿನ ನಲ್ಲಿಯ ಪಕ್ಕದಲ್ಲಿ ಪಾಠ ನಡೆಯಿತು. ಆ ಪ್ರಶ್ನೆಯನ್ನು ತನ್ನ ಭಾಷೆಯಲ್ಲಿ ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. 'ಹಣದ ಯೋಚನೆಯಿಂದ' ಎನ್ನುವಾಗ ದನಿ ಒಳಗೆ ಸೇರಿಕೊಂಡಿತು. ಏಣಿ ಬಗ್ಗಿ, ಅವಳ ತುಟಿಯನ್ನೇ ನೋಡುತ್ತಾ, ಶಾಲೆ ಹುಡುಗನ ಹಾಗೆ ಒಪ್ಪಿಸಿದ. ಇಪ್ಪತ್ತು ಸಲವಾದರೂ ಆಗಿರಬೇಕು. ನಡುವೆ ಒಮ್ಮೆ ನಿಲ್ಲಿಸಿ ಆಫೀಸಿನ ಭಾಷೆಯಲ್ಲಿ ಹೇಳಿದ:

"ನಮ್ಮಮ್ಮನೂ ನನಗೆ ಸೊನ್ನೆ ಅಂದಳು ಅಕ್ಕ. ರಾತ್ರಿ ಎರಡು ಗಂಟೆಗೆ ಎದ್ದು ತೊಳೆದ ಪಾತ್ರೆಯನ್ನೇ ತೊಳೀತಾಳೆ. ಸೊನ್ನೆಯಂತೆ!"

"ನೀನು ಏನು ಬರೆದೆ?"

"ಅವಳು ಹೇಳಿದ್ದನ್ನೇ ಬರೆದೆ." ಅವನು ಲೋಟ ತೊಳೆದು ಕವುಚಿಟ್ಟ. "ಆದರೆ ಕೇಳಿದೆ ಅಕ್ಕ."

ಅದು ಚುಚ್ಚಲಿ ಎಂದು ಅವನು ಹೇಳಿದ್ದಲ್ಲ. ಚುಚ್ಚಿತು.

ಗುರುವಾರ ಬೆಳಿಗ್ಗೆಯೇ ಬಾಗಿಲು ತೋರಿಸಲು ಅವಳು ಏಣಿಯ ಜೊತೆ ಹೋದಳು. ಮನೆಯೊಳಗೆ ಕಾಲಿಡಕೂಡದು ಎಂದು ಮೇಡಂ ಹೇಳಿದ್ದರು. ಅವಳು ಮೆಟ್ಟಿಲ ಮೇಲೆ ಕೂತಳು. ಏಣಿ ಗಂಟೆ ಒತ್ತುತ್ತಿದ್ದ, ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದ, ಕಲಿತ ಪ್ರಶ್ನೆಯನ್ನು ಒಪ್ಪಿಸುತ್ತಿದ್ದ. ಮೊದಲ ಮನೆಯಲ್ಲಿ ನಕ್ಕರು. ಎರಡನೆಯದರಲ್ಲಿ ಗದರಿದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಅವನಿಗೆ ಅಂಕಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ ಎಂದು ಗೊತ್ತಾದದ್ದೇ ಜನ ಮಾತಾಡತೊಡಗಿದರು. ತಿಳಿಯದವನ ಮುಂದೆ ಏನು ನಾಚಿಕೆ? ಟೈಲರ್ ಮಾವನಂತೂ "ಕೂತ್ಕೊಳಪ್ಪಾ, ಕೂತ್ಕೋ," ಎಂದು ಕೂರಿಸಿಕೊಂಡು ಮುಕ್ಕಾಲು ಗಂಟೆ ಬಿಡಲಿಲ್ಲ. ಹೊರಗೆ ಕೂತವಳಿಗೆ ಮಾತು ಬಿಡಿಯಾಗಿ ಕೇಳಿಸಲಿಲ್ಲ. ಒಮ್ಮೆ ಮಾತ್ರ ಮಾವ ಮೂಗು ಸೀನಿಕೊಂಡದ್ದು ಕೇಳಿಸಿತು.

ಹೊರಬಂದ ಏಣಿಯ ಶರಟಿನ ತೋಳಿಗೆ ದಾರದ ತುಂಡು ಅಂಟಿತ್ತು. "ನಿಮ್ಮ ಕೋಲು ನಾಳೆ ಎಲ್ಲಕ್ಕಿಂತ ಎತ್ತರ ಅಕ್ಕ," ಎಂದ. ಖುಷಿಪಡಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೊನೆಗೆ ಉಳಿದದ್ದು ನಾಲ್ಕನೇ ಮಹಡಿ, ಅವಳದೇ ಬಾಗಿಲು. ಗಂಡನಿಗೆ ಅದು ಕೆಲಸವಿಲ್ಲದ ದಿನ, ಮನೆಯಲ್ಲೇ ಇದ್ದ. ಕೆಲಸ ಹೋದ ವಿಷಯ ಅವಳು ಅವನಿಗೆ ಇನ್ನೂ ಹೇಳಿರಲಿಲ್ಲ. ಏಣಿ ಒಳಗೆ ಹೋದಮೇಲೆ ಅವಳು ಕೆಳಗಿಳಿದು ಹೋಗಬೇಕಿತ್ತು. ಮರ್ಯಾದಸ್ಥರಾದವರು ಯಾರೇ ಆದರೂ ಇಳಿದು ಹೋಗುತ್ತಿದ್ದರು. ಅವಳು ಎರಡು ಮೆಟ್ಟಿಲು ಇಳಿದಳು, ಎರಡೂ ಹತ್ತಿದಳು, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ತೆಳು ಹಲಗೆಯ ಬಾಗಿಲು; ಒಳಗೆ ಚಮಚ ಬಿದ್ದರೂ ಕೇಳಿಸುತ್ತದೆ.

ಏಣಿ ಪ್ರಶ್ನೆ ಕೇಳಿದ.

"ಯಾರು ಹೇಳ್ಕೊಟ್ರು ನಿಮಗಿದನ್ನ?" ಗಂಡನ ದನಿ. ಏಣಿಗೆ ಅರ್ಥವಾಗಲಿಲ್ಲ, ಪ್ರಶ್ನೆಯನ್ನೇ ಮತ್ತೊಮ್ಮೆ ಒಪ್ಪಿಸಿದ.

"ಬರ್ಕೊಳ್ಳಿ. ಮೂವತ್ತು."

"ಮೂವತ್ತು?"

"ಎಲ್ಲಾ." ಕುರ್ಚಿ ಎಳೆದ ಸದ್ದು. "ನಾನು ಗೊರಕೆ ಹೊಡೀತೀನಿ, ಗೊತ್ತಾ? ಬೇಕೂಂತ್ಲೇ ಹೊಡೀತೀನಿ. ನಿಮಗೆ ತಿಳಿಯಲ್ಲ ಅಂತ ಹೇಳ್ತಿದೀನಿ. ಗಂಡ ನಿಶ್ಚಿಂತೆಯಾಗಿ ಮಲಗಿದಾನೆ ಅಂತ ಅವಳಿಗೆ ಅನ್ನಿಸಿದ್ರೆ ಅವಳಾದ್ರೂ ಮಲಗ್ತಾಳಲ್ಲ. ದಿನವಿಡೀ ಮಂದಿ ಮೆಟ್ಟಿಲು ಹತ್ತಿ ಇಳೀಬೇಕು ಪಾಪ. ಮಲಗ್ತಾಳೆ ಕಣ್ರೀ. ಮಗು ಮಲಗಿದ ಹಾಗೆ ಮಲಗ್ತಾಳೆ. ಆ ಉಸಿರು ಕೇಳ್ತಾ ಇರ್ತೀನಿ ನಾನು. ಇನ್ನೊಂದು ಗಂಟೆ ಹೊಡಿ, ಎಚ್ಚರ ಆಗ್ಬಾರ್ದು ಅಂತ ಗಂಟಲು ನೋಯೋವರೆಗೂ ಹೊಡೀತೀನಿ."

"ಹೂಂ," ಎಂದ ಏಣಿ. "ಮೂವತ್ತು."

ಹೊರಗೆ ನಿಂತವಳು ಬಾಯಿಗೆ ಕೈ ಒತ್ತಿಕೊಂಡಳು. ಅವಳಿಗೆ ಅವನ ಗೊರಕೆ ಸುಳ್ಳೆಂದು ಮೊದಲ ರಾತ್ರಿಯೇ ಗೊತ್ತಾಗಿತ್ತು. ಅವನು ಅವಳ ಉಸಿರನ್ನು ನಂಬಿದ್ದ. ತಿಂಗಳುಗಟ್ಟಲೆ, ಒಂದು ರಾತ್ರಿಯೂ ತಪ್ಪದೆ, ನಂಬಿಕೊಂಡು ಪಕ್ಕದಲ್ಲಿ ಬಿದ್ದಿದ್ದ. ಅವಳು ಅವನನ್ನು ಮನಸ್ಸಿನಲ್ಲೇ ಬಯ್ಯುತ್ತಾ ಉಸಿರಾಡಿದ್ದಳು. ಮೇಡಂ ಎದುರು ಆದದ್ದು ಒಂದು ನಾಚಿಕೆಯೇ? ಇದರ ಮುಂದೆ ಅದು ಏನೂ ಅಲ್ಲ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಬಾಗಿಲು ತೆರೆಯಿತು, ಏಣಿ ಹೊರಬಂದ, ಬಾಗಿಲು ಹಿಂದೆ ಮುಚ್ಚಿತು. ಅವನು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತ. ಕೂತರೂ ಅವನ ತಲೆ ಅವಳ ತಲೆಯ ಮಟ್ಟಕ್ಕೇ ಬಂತು. ಚೀಲದಿಂದ ಇನ್ನೊಂದು ಫಾರಂ ತೆಗೆದ.

"ಒಂದು ಬಾಕಿ ಇದೆ ಅಕ್ಕ. ಮೂವತ್ತೊಂದನೇದು."

"ನನ್ನದು ಬೇಡ ತಮ್ಮಾ. ನಾನೀಗ ಆಫೀಸಿನವಳೂ ಅಲ್ಲ."

"ಅದಕ್ಕೇ ಕೇಳಬಹುದು," ಎಂದ. "ಹಳೆಯದರಲ್ಲಿ ಸೊನ್ನೆ ಇದೆ. ಸೊಟ್ಟ ಸೊನ್ನೆ."

ಅವಳು ಬಾಗಿಲ ಕಡೆ ನೋಡಿದಳು. ಒಳಗಿನ ದೀಪದ ಬೆಳಕು ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ಒಂದು ಗೆರೆಯಾಗಿ ಬಿದ್ದಿತ್ತು. ಆ ಗೆರೆಯಲ್ಲಿ ಎರಡು ಕಡೆ ಕಪ್ಪು. ಬಾಗಿಲಿಗೆ ಒತ್ತಿಕೊಂಡು ನಿಂತ ಎರಡು ಪಾದ.

ಏಣಿ ಪೆನ್ನಿನ ಮುಚ್ಚಳ ತೆಗೆದು ಕೇಳಿದ. ಮೂವತ್ತು ಸಲ ಕೇಳಿ ಕೇಳಿ ಪ್ರಶ್ನೆ ಈಗ ಅವನ ಬಾಯಲ್ಲಿ ಸ್ವಚ್ಛವಾಗಿತ್ತು, ಆ ಕಟ್ಟಡದಲ್ಲೇ ಹುಟ್ಟಿ ಬೆಳೆದವನ ಹಾಗೆ. "ಕಳೆದ ಮೂವತ್ತು ರಾತ್ರಿಗಳಲ್ಲಿ, ಹಣದ ಯೋಚನೆಯಿಂದ ನಿದ್ದೆ ಬಾರದ ರಾತ್ರಿಗಳು ಎಷ್ಟು?"

ಬೆರಳಲ್ಲಿ ತೋರಿಸಬಹುದಿತ್ತು. ಪೆನ್ನು ಕಸಿದುಕೊಂಡು ತಾನೇ ಬರೆಯಬಹುದಿತ್ತು. ಅದು ಅವಳಿಗೆ ಅಭ್ಯಾಸವಾದ ಕೆಲಸ. ಅವಳು ಹೇಳಿದಳು. ಅವಳಿಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

"ಕೇಳಿಸಲಿಲ್ಲ ಅಕ್ಕ."

"ಮೂವತ್ತು," ಎಂದಳು ಅವಳು.

ಖಾಲಿ ಮೆಟ್ಟಿಲುಗಳ ಉದ್ದಕ್ಕೂ ಅದು ಕೆಳಗಿನವರೆಗೆ ಇಳಿದುಹೋಯಿತು. ಮೂರನೇ ಮಹಡಿಯಲ್ಲಿ ಎಲ್ಲೋ ಹೊಲಿಗೆ ಮಿಷನ್ನಿನ ಸದ್ದು ಶುರುವಾಗಿ ನಿಂತಿತು. ಏಣಿ ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಅಂಕಿ ಬರೆದ. ಬಾಗಿಲ ಕೆಳಗಿನ ಬೆಳಕಿನಲ್ಲಿ ಎರಡು ಕಪ್ಪು ತುಂಡುಗಳು ಅಲುಗಾಡದೆ ಹಾಗೇ ಇದ್ದವು.